ಅತ್ತೆಯವರು ಕಂಡ ಕಲ್ಲುಕಂಬದ ದ್ವೀಪ

ನಮ್ಮ ಮನೆಮಂದಿ ನಮ್ಮೂರಾದ ಬ್ಯಾಡಗಿ ದಾಟಿದರೆ ಸಾಕು, ನಗುವಂಥದ್ದು ಏನಾದರೂ ನಡೆದೇ ತೀರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಮಲ್ಪೆಗೆ ಹೋದಾಗಂತೂ ಸಾಲುಸಾಲಾಗಿ ನಡೆದವು. ಅಂದೇ ಬರೆದಿಟ್ಟುಕೊಂಡದ್ದರಿಂದ ಒಂದೂ ತಪ್ಪಿಹೋಗಿಲ್ಲ.

ಹೋಗಲು ಕಾರಣ ನನ್ನ ಮಗಳು. ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಭೂಗರ್ಭಶಾಸ್ತ್ರದ ಎಂ.ಎಸ್ಸಿ. ಓದಬೇಕೆಂದು ಹಟ ಹಿಡಿದಿದ್ದಳು. ನಾನೂ ಕಾಲೇಜು ಓದಿದವಳು, ನನಗೆ ಒಪ್ಪಿಗೆಯಿತ್ತು. ನಮ್ಮ ಅತ್ತೆಯವರದು ಮಾತ್ರ ಒಂದೇ ಮಾತು: "ಕಲ್ಲು ಓದಾಕ ಧಾರವಾಡ ಯಾಕ ಬೇಕು? ಲಗೂ ಲಗ್ನಾ ಮಾಡ್ರಿ." ಅವರು ಹೂಂ ಅನ್ನದೆ ನಮ್ಮ ಮನೆಯಲ್ಲಿ ಏನೂ ನಡೆಯದು. "ಕಡಲಾಗಿನ ಕಲ್ಲುಕಂಬ ಒಮ್ಮೆ ನೋಡು ಆಯಿ, ಆಮ್ಯಾಲ ಬ್ಯಾಡ ಅನ್ನು" ಎಂದು ಮಗಳು ಅಜ್ಜಿಯನ್ನು ಹೊರಡಿಸಿದಳು.

ದೋಣಿಯಲ್ಲಿ

ರಾಣೇಬೆನ್ನೂರಿನ ನನ್ನ ಮೈದುನನೂ ಜೊತೆಗಿದ್ದ. ಗಳಗನಾಥದ ಹೊಳೆಯಲ್ಲಿ ಈಜಿದ ಕಥೆಯನ್ನು ದಾರಿಯುದ್ದಕ್ಕೂ ಹೇಳಿದ. ಮಲ್ಪೆಯಿಂದ ದ್ವೀಪಕ್ಕೆ ಹೊರಟ ದೋಣಿ ಒಮ್ಮೆ ಜೋಲಿ ಹೊಡೆಯಿತು ನೋಡಿ, ಅವನ ಎರಡೂ ಕೈ ಅತ್ತೆಯವರ ಸೆರಗಿನಲ್ಲಿ!

"ಈಜು ಬರ್ತೈತಿ ಅಂದ್ಯಲ್ಲೋ?" ಎಂದರು ಅತ್ತೆ.

"ಹೊಳ್ಯಾಗ ಬರ್ತೈತಿ ಅವ್ವಾ. ಅಲ್ಲಿ ಆಚೀ ದಂಡಿ ಕಾಣ್ತೈತಿ!"

ಗೌಂಡಿ

ದ್ವೀಪದ ಕಲ್ಲುಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಐದು ಮೂಲೆ, ಆರು ಮೂಲೆ, ಎಲ್ಲವೂ ಕೊಯ್ದಿಟ್ಟಂತೆ. ಆಗ ನಮ್ಮ ಹೊಸ ಮನೆ ಕಟ್ಟುವ ಕೆಲಸ ನಡೆದಿತ್ತು. ಅತ್ತೆ ಒಂದು ಕಂಬದ ಮೇಲೆ ಕೈಯಾಡಿಸಿ, "ಯಾವೂರ ಗೌಂಡಿ ಕಟ್ಯಾನ? ನಮ್ಮನಿಗೂ ಕರೀರಿ" ಎಂದರು.

"ಯಾರೂ ಕಟ್ಟಿಲ್ಲ ಆಯಿ" ಎಂದಳು ಮಗಳು. "ಭೂಮಿಯೊಳಗಿಂದ ಕುದಿಯೋ ಕಲ್ಲಿನ ರಸ ಬಂದು, ಆರುವಾಗ ತಾನ ಹಿಂಗ ಸೀಳೈತಿ."

ಅತ್ತೆ ನಮ್ಮ ಯಜಮಾನರ ಕಡೆ ತಿರುಗಿದರು. "ನೋಡಪಾ, ಗೌಂಡಿ ಕೈ ಹಚ್ಚಲಿಲ್ಲಂದ್ರ ಎಷ್ಟು ನೆಟ್ಟಗ ಬರ್ತೈತಿ!"

ಪುರಾಣ

ಮಗಳ ವಿವರಣೆ ಕೇಳಲು ಬೇರೆ ಪ್ರವಾಸಿಗರೂ ಸುತ್ತ ನೆರೆದರು. ಮಠದಲ್ಲಿ ಪುರಾಣ ಕೇಳಿ ರೂಢಿಯಾದ ಅತ್ತೆಗೆ ಜನ ನಿಂತು ಕೇಳುವುದು ಸರಿಬರಲಿಲ್ಲ. "ಕುಂದರ್ರಿ, ಹಿಂದಿನವರಿಗೆ ಕಾಣ್ಲಿ. ಏ ತಮ್ಮಾ, ಟೊಪಗಿ ತಗಿ" ಎಂದು ಎಲ್ಲರನ್ನೂ ಬಂಡೆಯ ಮೇಲೆ ಕೂಡಿಸಿಬಿಟ್ಟರು. ಪುರಾಣ ಮುಗಿದ ಮೇಲೆ ಪ್ರಸಾದ ಆಗಬೇಕಲ್ಲ! ಬುತ್ತಿಗಂಟು ಬಿಚ್ಚಿ, ನಮಗೆಂದು ತಂದ ಶೇಂಗಾ ಉಂಡಿಯನ್ನೆಲ್ಲ ಹಂಚಿದರು. ಮೈದುನನ ಮುಖ ಬಾಡಿತು.

ಉಂಡಿ ತಿನ್ನುತ್ತಿದ್ದ ಹುಬ್ಬಳ್ಳಿಯ ಹೆಂಗಸೊಬ್ಬರು ಅತ್ತೆಯವರ ಪಕ್ಕಕ್ಕೆ ಸರಿದರು. "ಹುಡುಗಿ ಭಾಳ ಶಾಣ್ಯಾ ಅದಾಳ್ರಿ. ನನ್ನ ಮಗಾ ಎಂಜಿನಿಯರ್ ಅದಾನ. ಈ ವರ್ಷನ ಲಗ್ನಾ ಮಾಡ್ತೀರೇನ್ರಿ?"

ನಾನೂ ಮಗಳೂ ಅತ್ತೆಯವರ ಮುಖ ನೋಡಿದೆವು.

ಅತ್ತೆ ಸೆರಗು ಸರಿಮಾಡಿಕೊಂಡರು. "ಎರಡು ವರ್ಷ ತಡೀರಿ ಬಾಯಾರ. ಆಕಿದು ಧಾರವಾಡದಾಗ ಓದೋದೈತಿ. ಅರ್ಧಾ ಓದಿದ ಹುಡುಗೀನ ಕೊಟ್ಟು, ನಾಳೆ ನಿಮ್ಮನ್ಯಾಗ ಯಾರರ ಕಲ್ಲಿನ ಬಗ್ಗೆ ಕೇಳಿದ್ರ, ನಮ್ಮ ಮಾನಾ ಏನಾಗಬೇಕು?"