ನಾನು ಅವಲಕ್ಕಿ ಮಾಡಿಸಿದ ನೆರೆಗುಳಿ

ಭತ್ತದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಲವಾಗಿ ನಂಬಿದ್ದೆ. ಶಾಲೆಯಲ್ಲೂ ಐದನೇ ಇಯತ್ತೆಯ ಮೇಲೆ ಯಾರೂ ಹೇಳಲಿಲ್ಲ.

ಬನವಾಸಿಯ ಹತ್ತಿರ, ವರದಾ ಹೊಳೆಯ ದಂಡೆಗೆ ಅಕ್ಕನ ಗದ್ದೆ. ಅವಳ ಮನೆಯ ವರ್ಷದ ಊಟ ಅದರದ್ದೇ. ಮಳೆಗಾಲದಲ್ಲಿ ಅದು ವಾರಗಟ್ಟಲೆ ನೀರಿನಡಿ ಇರುತ್ತದೆ. ಅಲ್ಲಿ ಬದುಕುವುದು ನೆರೆಗುಳಿ ಎಂಬ ಹಳೆಯ ಭತ್ತ ಮಾತ್ರ. ನೆರೆ ಇಳಿದ ಮೇಲೆ ಕೆಸರಿನಿಂದ ಮತ್ತೆ ಚಿಗುರುತ್ತದೆ. ಊರವರೆಲ್ಲ ಹೊಸ ತಳಿಗಳಿಗೆ ಹೋದರೂ ಅಕ್ಕ ಮಾತ್ರ ತನ್ನ ಅತ್ತೆ ಕೊಟ್ಟ ಆ ಬೀಜ ಬಿಡಲಿಲ್ಲ.

ಬಿತ್ತನೆಗೆ ನೆರವಾಗಲೆಂದು ನಾನು ಹೋದೆ. ಅದೇ ಅವಳ ದುರ್ದೆಸೆ! ಬೆಳಿಗ್ಗೆ ಅವಲಕ್ಕಿ ಡಬ್ಬಿ ಖಾಲಿಯಾಗಿದೆ ಎಂದು ಹೇಳಿ, ಸಸಿಮಡಿ ಮಾಡಲು ಗದ್ದೆಗೆ ನಡೆದಳು. ನೋಡಿದರೆ ಹಿತ್ತಲಲ್ಲಿ ಹಂಡೆ ತುಂಬ ಭತ್ತ ನೆನೆದಿದೆ. ಅವಲಕ್ಕಿಗೆ ಭತ್ತ ನೆನೆಸುತ್ತಾರೆ. ಮೊಳಕೆ ಬರಿಸಲೂ ನೆನೆಸುತ್ತಾರೆ ಎಂಬುದು ಈ ಮಹಾಪಂಡಿತನಿಗೆ ಹೊಳೆಯಲಿಲ್ಲ! ನೀರು ಬಸಿದು, ಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿ ಗಿರಣಿಗೆ ಒಯ್ದೆ. ಚೆನ್ನಾಗಿ ನೆನೆದಿದೆ ಎಂದು ಗಿರಣಿಯವರು ಹೊಗಳಿದರು. ಹುರಿದರು. ಬಡಿದರು. ಬಿಸಿ ಅವಲಕ್ಕಿಯ ಚೀಲವನ್ನು ಜಗಲಿಯ ಮೇಲಿಟ್ಟು ಅಕ್ಕನ ಮೆಚ್ಚುಗೆಗೆ ಕಾದು ಕುಳಿತೆ.

ಅಕ್ಕ ಬಂದಳು. ಹಂಡೆ ನೋಡಿದಳು. ಚೀಲ ನೋಡಿದಳು.

"ಎಲ್ಲಾ ಒಯ್ದಿಯೇನೋ ತಮ್ಮಾ?"

"ಒಂದ್ ಕಾಳೂ ಬಿಟ್ಟಿಲ್ಲಕ್ಕಾ."

ಅಷ್ಟು ಹೆಮ್ಮೆಯಿಂದ ಜನ್ಮದಲ್ಲಿ ಬೇರೆ ಯಾವ ಉತ್ತರವನ್ನೂ ಕೊಟ್ಟವನಲ್ಲ ನಾನು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಚೀಲದಿಂದ ಒಂದು ಹಿಡಿ ತೆಗೆದು, "ಬಿತ್ತಾಕ ಇಟ್ಟಿದ್ ನೆರೆಗುಳಿ ಇಷ್ಟ ಇತ್ತು ತಮ್ಮಾ" ಅಂದಳು, ಅಷ್ಟೆ.

ತಪ್ಪು ತಿದ್ದಲು, ನಡೆದದ್ದು ಯಾರಿಗೂ ಹೇಳದೆ, ಊರೂರು, ಮನೆಮನೆ ತಿರುಗಿ ಬೀಜ ಕೇಳಿದೆ. ಎಲ್ಲರದೂ ಒಂದೇ ಸಲಹೆ: ನೆರೆಗುಳಿ ಬೇಕಾದರೆ ನಿನ್ನ ಅಕ್ಕನನ್ನು ಕೇಳು! ಕೊನೆಗೆ ಶಿರಸಿ ಪೇಟೆಯಿಂದ, ಚೀಲದ ಮೇಲೆ ತೂಗುವ ತೆನೆಯ ಚಿತ್ರವಿದ್ದ ಬೀಜ ತಂದುಕೊಟ್ಟೆ. ನೀರು ತಡೆಯುತ್ತದೆಯೇ ಎಂದು ಕೇಳಲಿಲ್ಲ. ಚಿತ್ರ ಅಷ್ಟು ಚೆಂದವಿತ್ತು.

ವರದೆ ಉಕ್ಕಿತು. ಹತ್ತು ದಿನ ಗದ್ದೆಯಲ್ಲೇ ನಿಂತಿತು. ಇಳಿದಾಗ ಉಳಿದದ್ದು ಕೊಳೆತ ವಾಸನೆ ಮಾತ್ರ.

ಅಕ್ಕ ಬದುವಿನ ಮೇಲೆ ನಿಂತಿದ್ದಳು. ಪಕ್ಕದ ಗದ್ದೆಯ ಬಸಣ್ಣ ಬಂದರು. ಅವರ ಹೊಸ ತಳಿಯೂ ಕೊಳೆತಿತ್ತು.

"ಸಾಕಾತವ್ವ ತಂಗಿ. ಬರೂ ವರ್ಷ ನಾನೂ ನಿನ್ ನೆರೆಗುಳೀನ ಹಾಕ್ತೇನಿ. ನಾಕ್ ಸೇರು ಬೀಜ ಕೊಡು."

ಅಕ್ಕ ನನ್ನತ್ತ ಕೈ ತೋರಿಸಿದಳು. "ಇವನ್ನ ಕೇಳಣ್ಣಾ. ಎಲ್ಲಾ ಇವನ ಹೊಟ್ಟ್ಯಾಗ ಐತಿ."

ಬಸಣ್ಣನಿಗೆ ಅರ್ಥವಾಗಲಿಲ್ಲ. ಎಷ್ಟೋ ನೆರೆಗಳು ಸೇರಿಯೂ ನುಂಗಲಾಗದ ಆ ತಳಿಯನ್ನು, ನಾನೊಬ್ಬನೇ ಮೊಸರು ಕಲಸಿಕೊಂಡು ನುಂಗಿ ಮುಗಿಸಿದ್ದೆ.