ಎದೆ ಉರಿಯ ದೆವ್ವಗಳು

ಹೊಟ್ಟೆ ಡಾಕ್ಟರ ಬಳಿ ಕೆಲಸ ಮಾಡುವ ನರ್ಸಿಗೆ ದೆವ್ವಗಳ ಗೊಡವೆ ಯಾಕೆ ಅಂತ ನೀವು ಕೇಳಬಹುದು. ಹದಿನೆಂಟು ವರ್ಷವಾಯಿತು, ತಿಂಗಳಿಗೊಂದಾದರೂ ಬಂದೇ ಬರುತ್ತದೆ. ನಮ್ಮ ದವಾಖಾನೆ ರಾಯಚೂರಿನಲ್ಲಿ. ಸೋಮವಾರ ಮಾನ್ವಿಗೆ, ಗುರುವಾರ ದೇವದುರ್ಗಕ್ಕೆ ಡಾಕ್ಟರ ಜೊತೆ ನಾನೂ ಹೋಗುತ್ತೇನೆ. ಎದೆ ಉರಿ ಎಲ್ಲ ಕಡೆಯೂ ಒಂದೇ. ಜನ ಅದಕ್ಕೆ ಇಟ್ಟುಕೊಂಡ ಹೆಸರು ಮಾತ್ರ ಬೇರೆ ಬೇರೆ.

೧. ಉಪವಾಸದ ದೆವ್ವ

ಮಾನ್ವಿಯಲ್ಲಿ ನಿವೃತ್ತ ಸಂಸ್ಕೃತ ಮಾಸ್ತರರೊಬ್ಬರನ್ನು ಹೆಂಡತಿ ಕರೆತಂದರು. ಕೊರಳಲ್ಲಿ ಮೂರು ತಾಯಿತ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಮಲಗಿದ್ರ ಸಾಕ್ರಿ, ಎದಿ ಮ್ಯಾಲ ಯಾರೋ ಕೂಡ್ತಾರ. ಆಮ್ಯಾಲ ಗಂಟಲಕ್ಕ ಬೆಂಕಿ ಹಚ್ಚತಾರ."

ಹೆಂಡತಿ ದನಿ ತಗ್ಗಿಸಿದರು. "ನಾ ಕಣ್ಣಾರೆ ನೋಡೀನ್ರಿ. ಧಡಕ್ಕನ ಎದ್ದು ಕೂಡ್ತಾರ. ಕೂಗೋ ದನಿ ಇವರದಲ್ಲ, ಬ್ಯಾರೆ ಯಾರದೋ."

ಡಾಕ್ಟರು ಬರೆಯುತ್ತಲೇ ಕೇಳಿದರು, "ದಿನಾ ಬರ್ತದೇನ್ರಿ?"

"ದಿನಾ ಬರ್ತದ್ರಿ, ಏಕಾದಶಿ ಒಂದು ಬಿಟ್ಟು."

"ಉಳಿದ ದಿನ ಊಟ ಎಷ್ಟೊತ್ತಿಗೆ?"

"ರಾತ್ರಿ ಹತ್ತಕ್ಕ ಉಣ್ತಾರ, ಹತ್ತೂಕಾಲಕ್ಕ ಮಲಗ್ತಾರ."

ಹೊಟ್ಟೆಯ ಹುಳಿ ಮೇಲೇರಿ ಗಂಟಲು ಸುಡುತ್ತಿದೆ, ಮಲಗುವ ಮೂರು ತಾಸು ಮೊದಲೇ ಉಣ್ಣಿ ಅಂತ ಹೇಳಿ ಡಾಕ್ಟರು ಗುಳಿಗೆ ಬರೆದರು. ತಿಂಗಳೆರಡರಲ್ಲಿ ಮಾಸ್ತರರಿಗೆ ದನಿ ಮರಳಿತು. ಹೆಂಡತಿಗೆ ಮಾತ್ರ ಏನೋ ಕಳೆದುಕೊಂಡ ಹಾಗಾಗಿತ್ತು. "ಏಕಾದಶಿ ಉಪವಾಸ ಹಿಡೀತದ ಅಂದ್ರ ನಮ್ಮ ಪೈಕಿದೇ ದೆವ್ವ ಇರಬೇಕು ಅನ್ಕೊಂಡಿದ್ವಿ!"

೨. ಹೊರಟ ಮಂಚ

ದೇವದುರ್ಗದ ಅಕ್ಕಿ ಗಿರಣಿ ಸಾವಕಾರರಿಗೆ ಡಾಕ್ಟರು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿ ಮಲಗಿ ಅಂದಿದ್ದರು. ಎರಡು ವಾರಕ್ಕೆ ಸಾವಕಾರರು ಹೆಂಡತಿಯೊಂದಿಗೆ ಬಂದರು. ಮುಖದಲ್ಲಿ ರಕ್ತವೇ ಇಲ್ಲ.

"ಉರಿ ಕಡಿಮಿ ಆಗ್ಯದ್ರಿ. ಆದ್ರ ಮಂಚ ನಡ್ಯಾಕತ್ತದ."

"ಏನಂದ್ರಿ?"

"ದಿನಾ ಮುಂಜಾನಿ ಎದ್ದು ನೋಡಿದ್ರ ಒಂದು ಗೇಣು ಮುಂದ ಹೋಗಿರ್ತದ, ಇಟ್ಟಂಗಿ ಸಮೇತ. ಕಾಲು ಮುಂದ ಮಾಡಿ, ಬಾಗಲ ಕಡಿ."

ಕಾಲು ಮುಂದೆ ಮಾಡಿ ಬಾಗಿಲು ದಾಟುವುದು ಹೆಣ ಮಾತ್ರ ಎಂದು ಎಲ್ಲರಿಗೂ ಗೊತ್ತು. ಡಾಕ್ಟರು, "ನೆಲ ಎಂಥಾದ್ರಿ?" ಅಂದರು. ಹೊಸ ಗ್ರಾನೈಟ್, ಮುಖ ಕಾಣುವಷ್ಟು ನುಣುಪು. ಸಾವಕಾರರು ಹೊರಳಿದಾಗೆಲ್ಲ ಮಂಚ ಜಾರುತ್ತಿತ್ತು. ಕೆಳಗೆ ಗೋಣಿತಾಟು ಹಾಸಲು ಹೇಳಿದರು.

ಹೋಗುವಾಗ ಹೆಂಡತಿ ನನ್ನ ಕಿವಿಯಲ್ಲಿ ಅಂದಳು, "ಮುಂಜಾನಿ ಹನ್ನೊಂದಾದ್ರೂ ಇವರು ಗಿರಣಿ ಕಡಿ ಹೊಂಡಂಗಿಲ್ರಿ. ಮಂಚಕ್ಕರ ಬುದ್ಧಿ ಬಂತಲ್ಲ ಅನ್ಕೊಂಡಿದ್ದೆ."

೩. ಕರೆಯಲು ಬಂದ ಅತ್ತೆ

ಕಲ್ಲೂರಿನ ಅರವತ್ತರ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಎದೆ ಉರಿಗೆ ಗುಲಾಬಿ ಬಣ್ಣದ ಔಷಧ ಕುಡಿಯುತ್ತಿದ್ದಳು. ಒಂದು ಸೋಮವಾರ ಮಧ್ಯಾಹ್ನ ಮಾನ್ವಿಯಲ್ಲಿ ಬೆಂಚಿನ ಮೇಲೆ ಕೂತವಳು ನನ್ನ ಬೆನ್ನ ಹಿಂದೆ ನೋಡುತ್ತ, "ಯವ್ವಾ, ಬಾಗಲದಾಗ ನಿಂತಾಕಿಗೆ ಒಳಗ ಬಾ ಅನ್ನು" ಅಂದಳು.

ತಿರುಗಿದೆ. ಯಾರೂ ಇಲ್ಲ, ಬರೀ ಬಿಸಿಲು.

"ಯಾರವ್ವಾ?"

"ನಮ್ಮತ್ತಿ. ಸತ್ತು ಆರು ವರ್ಷಾತು. ಉಣಾಕ ಬಾ ಅಂತ ಕರ್ಯಾಕತ್ತಾಳ."

ಆಗ ಅವಳನ್ನು ನೋಡಿದೆ: ಫ್ಯಾನಿನ ಕೆಳಗೆ ಕೂತೂ ಬೆವರು ಸುರಿಯುತ್ತಿತ್ತು, ಎಡಗೈ ಜೋತುಬಿದ್ದಿತ್ತು. "ಉರಿ ಇವತ್ತ ಗದ್ದಕ್ಕೂ ಬಂದದವ್ವಾ" ಅಂದಳು. ನಾನು ಡಾಕ್ಟರ ಕೋಣೆಗೆ ಓಡಿದೆ. ಇಸಿಜಿ ನೋಡಿ ಅವರು, "ಇದು ಹೊಟ್ಟಿದಲ್ಲ, ಹೃದಯದ್ದು" ಅಂದರು. ಗುಳಿಗೆ ಅಗಿಯಲು ಕೊಟ್ಟು, ಆಂಬುಲೆನ್ಸಿನಲ್ಲಿ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಜೊತೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಪಕ್ಕದ ಖಾಲಿ ಸೀಟನ್ನೇ ನೋಡುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನಾನೂ ಸ್ವಲ್ಪ ಸರಿದು, ಜಾಗ ಬಿಟ್ಟೇ ಕೂತೆ.

ಬದುಕಿದಳು. ಎರಡು ತಿಂಗಳ ಮೇಲೆ ನಮ್ಮನ್ನು ನೋಡಲು ಬಂದಳು. ತಡೆಯಲಾರದೆ ಕೇಳಿದೆ, "ಅತ್ತಿ ಮತ್ತ ಕಾಣಿಸಿದ್ಳೇನವ್ವಾ?"

"ಒಮ್ಮಿ ಬಂದಿದ್ಳು. ಎದಿ ಡಾಕ್ಟರು ಉಪ್ಪು, ಎಣ್ಣಿ ಬಿಡು ಅಂದಾರಲ್ಲ, ನನ್ನ ಗಂಗಾಳದಾಗಿನ ಸಪ್ಪನ ಊಟ ಬಗ್ಗಿ ನೋಡಿದ್ಳು. 'ನೀನ ಉಣ್ಣವ್ವಾ' ಅಂತ ಹೋಗಿಬಿಟ್ಳು."