ತುಂಡಾಗಲೊಲ್ಲದ ಎರಡು ವಾಚಿನ ಬೆಲ್ಟುಗಳಿಗೆ ಬೆಳ್ತಂಗಡಿಯಿಂದ ಒಂದು ಬಿನ್ನಹ

ಬಂಟ್ವಾಳ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಜಿನಸಿನ ಅಂಗಡಿ ಇಟ್ಟಿರುವ ಮಹಮ್ಮದ್ ಕುಂಞಿಯವರ ಬಲಗೈಯಲ್ಲಿ ವಿರಾಜಮಾನರಾದ ಮಾನ್ಯ ಪಾಲಿಶ್ ಬೆಲ್ಟಿನವರಿಗೂ, ಅವರದೇ ಎಡಗೈಯಲ್ಲಿ ನೆಲೆಸಿರುವ ಮಾನ್ಯ ಮಂಕು ಬೆಲ್ಟಿನವರಿಗೂ ಬೆಳ್ತಂಗಡಿಯ ಸಂಕಪ್ಪ ಪೂಂಜನ ಅನಂತ ವಂದನೆಗಳು. ತಾವಿಬ್ಬರೂ ಕ್ಷೇಮವಾಗಿದ್ದೀರೆಂದು ಬಲ್ಲೆ. ನನ್ನ ದೂರು ಅದರ ಬಗ್ಗೆಯೇ.

ಮಾನ್ಯರೇ, ನನ್ನ ತಂಗಿಯ ಮಗಳು ಜಲಜಾಕ್ಷಿಯನ್ನು ಮೂಡಬಿದ್ರೆಯ ಕಮಲಾಕ್ಷನಿಗೆ ಧಾರೆಯೆರೆದು ಕೊಟ್ಟಾಗ ಸೋದರಮಾವನಾದ ನಾನು ಮದುಮಗನಿಗೆ ಒಂದು ವಾಚನ್ನು ಉಡುಗೊರೆಯಾಗಿ ಕೊಟ್ಟಿದ್ದೆ. ಹೊಸ ಮದುಮಗಳು ಮಳೆ ಬಿಡದ ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವುದು, ಮರುತಿಂಗಳು ಸೋಣ ಹುಟ್ಟಿದೊಡನೆ ಗಂಡನ ಕಡೆಯವರು ಬಂದು ಕರೆದೊಯ್ಯುವುದು ನಮ್ಮ ಕಡೆಯ ಕ್ರಮ. ಅದರಂತೆ ಕಳೆದ ಸೋಣದಲ್ಲಿ ಕಮಲಾಕ್ಷನೂ ಅವನ ಸೋದರಮಾವ ಗುರುವಪ್ಪ ಹೆಗ್ಡೆಯವರೂ ನಮ್ಮಲ್ಲಿಗೆ ಬಂದರು, ಉಂಡರು, ಕೈತೊಳೆಯುವಾಗ ಕಮಲಾಕ್ಷನ ವಾಚಿನ ಬೆಲ್ಟು ತುಂಡಾಯಿತು. ಪೇಟೆಯಿಂದ ಹೊಳಪಿಲ್ಲದ ಮಂಕು ಚರ್ಮದ ಬೆಲ್ಟೊಂದನ್ನು ತರಿಸುವ ಎಂದು ನಾನು ಹೇಳಿದ್ದಷ್ಟೇ. ಗುರುವಪ್ಪನವರು ಎಲೆಯಡಿಕೆ ಬದಿಗಿಟ್ಟು, ಪಾಲಿಶ್ ಬೆಲ್ಟಾದರೆ ಬೆವರೂ ಮಳೆಯೂ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತವೆ, ಮಂಕಿನದ್ದು ಬೆವರು ಕುಡಿದು ಕೊಳೆಯುತ್ತದೆ ಎಂದು ಅಪ್ಪಣೆ ಕೊಡಿಸಿದರು. ಪಾಲಿಶ್ ಮಡಚಿದಲ್ಲಿ ಬಿರಿಯುತ್ತದೆ, ಮಂಕಿನದ್ದು ಎಣ್ಣೆ ಕುಡಿದು ಮೆತ್ತಗಿರುತ್ತದೆ ಎಂದು ನಾನು ವಿನಯದಿಂದಲೇ ಹೇಳಿದೆ. ವಾಚು ಕೊಟ್ಟವರು ನಾವು, ಆದ್ದರಿಂದ ಬೆಲ್ಟಿನ ಹಕ್ಕು ನಮ್ಮದು. ಕೈ ಅವರ ಹುಡುಗನದ್ದು, ಆದ್ದರಿಂದ ಹಕ್ಕು ಅವರದ್ದೆಂದು ಅವರ ವಾದ. ಮಾತಿಗೆ ಮಾತು ಬೆಳೆದು, ಗುರುವಪ್ಪನವರು ಇನ್ನು ಈ ಹೊಸ್ತಿಲು ತುಳಿಯುವುದಿಲ್ಲವೆಂದು ಹೊರಟರು. ಹುಡುಗಿಯನ್ನು ನಾನಾಗಿ ಕರೆತಂದು ಬಿಡುವುದೂ ಇಲ್ಲವೆಂದು ನಾನು ಜಗಲಿಯಿಂದಲೇ ಕೂಗಿ ಹೇಳಿದೆ. ಕಮಲಾಕ್ಷ ಹಿಂದೆ ತಿರುಗಿ ನೋಡುತ್ತ ನೋಡುತ್ತ ಮಾವನ ಹಿಂದೆ ಹೋದ.

ಹಿರಿಯರು ಸೇರಿ ಒಂದು ತೀರ್ಮಾನ ಮಾಡಿದರು. ಎರಡು ಬಗೆಯ ಬೆಲ್ಟನ್ನೂ ಬೆಳ್ತಂಗಡಿಗೂ ಮೂಡಬಿದ್ರೆಗೂ ಸೇರದ ಬಂಟ್ವಾಳದಲ್ಲಿ, ಯಾರ ಪಕ್ಷಕ್ಕೂ ಸೇರದ ಮಹಮ್ಮದ್ ಕುಂಞಿಯವರ ಎರಡು ಕೈಗಳಿಗೆ ವಾಚಿಲ್ಲದೆ ಕಟ್ಟುವುದು. ಪಾಲಿಶ್ ಮೊದಲು ತುಂಡಾದರೆ ಗುರುವಪ್ಪನವರು ತಲೆತಗ್ಗಿಸಿ ಬಂದು ಹುಡುಗಿಯನ್ನು ಕರೆದೊಯ್ಯತಕ್ಕದ್ದು. ಮಂಕು ತುಂಡಾದರೆ ನಾನು ತಲೆತಗ್ಗಿಸಿ ಹೋಗಿ ಬಿಟ್ಟುಬರತಕ್ಕದ್ದು. ಬೆಲ್ಟು ತುಂಡಾಗಲು ಎಷ್ಟು ದಿನ ಬೇಕು ಎಂದು ಎಲ್ಲರೂ ನಕ್ಕರು.

ತಮ್ಮ ಮಹಿಮೆಯನ್ನು ನಾವು ಅರಿತಿರಲಿಲ್ಲ. ಪೇಟೆಗೆ ನೇತ್ರಾವತಿಯ ನೆರೆ ನುಗ್ಗಿ, ಕುಂಞಿಯವರು ಸೊಂಟದವರೆಗಿನ ನೀರಿನಲ್ಲಿ ಅಕ್ಕಿಮೂಟೆ ಹೊತ್ತರೂ ತಾವು ಜಗ್ಗಲಿಲ್ಲ. ಉಪ್ಪಿನ ಚೀಲ, ಒಣಮೀನು, ಕರಗಿದ ಬೆಲ್ಲ, ಸೀಮೆಎಣ್ಣೆ ಎಲ್ಲವನ್ನೂ ತಾವು ಸಮಚಿತ್ತದಿಂದ ಸ್ವೀಕರಿಸಿದಿರಿ. ಗಿರಾಕಿಗಳು ಗಂಟೆ ಎಷ್ಟೆಂದು ಕೇಳಿದರೆ, "ಎರಡು ಕೈಯಲ್ಲೂ ಬೆಲ್ಟು ಉಂಟು, ಟೈಮು ಮಾತ್ರ ಇಲ್ಲ ಮಾರಾಯ್ರೆ" ಎಂದು ಆ ಪುಣ್ಯಾತ್ಮರು ಕೈಯೆತ್ತಿ ತೋರಿಸುತ್ತಾರೆ.

ಅಷ್ಟಕ್ಕೇ ನಿಲ್ಲದೆ ತಾವು ಇನ್ನೊಂದು ಉಪಕಾರವನ್ನೂ ಮಾಡಿದಿರಿ. ಚೀಲಗಳಿಗೆ ಉಜ್ಜಿ ಉಜ್ಜಿ ಪಾಲಿಶಿನವರ ಹೊಳಪೆಲ್ಲ ಹೋಗಿ ಅವರು ಮಂಕಾದರು. ಮಳೆಗಾಲದ ಬೂಷ್ಟು ಹಿಡಿದ ಮಂಕಿನವರನ್ನು ಕುಂಞಿಯವರ ಹೆಂಡತಿ ರುಕಿಯಾ, ತೆಂಗಿನೆಣ್ಣೆ ಹಚ್ಚಿ ಒರೆಸಿದ್ದರಿಂದ ಅವರು ಕನ್ನಡಿಯ ಹಾಗೆ ಹೊಳೆಯತೊಡಗಿದರು. ಸ್ನಾನಕ್ಕೆ ಬಿಚ್ಚಿ ಕಟ್ಟುವಾಗ ಕೈ ಅದಲುಬದಲಾಯಿತೋ ಇಲ್ಲವೋ ಕುಂಞಿಯವರಿಗೇ ಈಗ ನೆನಪಿಲ್ಲ. ಕಳೆದ ವಾರ ನಾನು ಬಂಟ್ವಾಳಕ್ಕೆ ಹೋಗಿ, ಹೊಳೆಯುತ್ತಿರುವವರು ಬೇಗ ಹರಿದುಹೋಗಲೆಂದು ಮನಸ್ಸಿನಲ್ಲೇ ಹರಕೆ ಹೊತ್ತುಬಂದೆ. ಅವರು ನನ್ನ ಪಕ್ಷದವರೇ ಆಗಿದ್ದರೆ ಏನು ಗತಿ ಎಂದು ಅಂದಿನಿಂದ ಊಟ ಸೇರುವುದಿಲ್ಲ.

ಈಗ ಮತ್ತೆ ಆಟಿ ಬರುತ್ತಿದೆ. ಮದುಮಗಳು ಆಟಿಗೆ ತವರಿಗೆ ಬರಬೇಕು. ಹೋಗದೇ ಇದ್ದವಳು ಬರುವುದು ಹೇಗೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. "ಬೆಲ್ಟು ತುಂಡಾಗುವಾಗ ನಾನು ಅಜ್ಜಿ ಆಗಿರ್ತೇನೆ ಮಾವ" ಎಂದು ಜಲಜಾಕ್ಷಿ ಮೊನ್ನೆ ಬಡಿಸುತ್ತ ಹೇಳಿದಳು. ಆ ಮಗುವಿನ ಮುಖ ನೋಡಲು ನನ್ನಿಂದ ಆಗುವುದಿಲ್ಲ ಮಾನ್ಯರೇ, ಆದರೆ ಗುರುವಪ್ಪನವರ ಮುಖ ನೋಡಲು ಅದಕ್ಕಿಂತಲೂ ಆಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಒಬ್ಬರು ದೊಡ್ಡ ಮನಸ್ಸು ಮಾಡಿ ಆಟಿಯೊಳಗೆ ತುಂಡಾಗಬೇಕು. ತುಂಡಾಗುವ ಮೊದಲು ತಾವು ಪಾಲಿಶೋ ಮಂಕೋ ಎಂಬುದನ್ನು ಹಿರಿಯರ ಎದುರು ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಿದ್ದಲ್ಲಿ ಪಾಲಿಶಿನವರೇ ಮುಂದಾಗಬೇಕು. ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ.

ತಮ್ಮಿಬ್ಬರಲ್ಲಿ ಯಾರನ್ನು ನಂಬಬೇಕೆಂದು ತಿಳಿಯದೆ ಇಬ್ಬರನ್ನೂ ನಂಬಿರುವ,
ತಮ್ಮ ವಿಶ್ವಾಸಿ,
ಸಂಕಪ್ಪ ಪೂಂಜ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಲು ಜಲಜಾಕ್ಷಿಯನ್ನು ಕರೆದೆ. ಬೆಳಗ್ಗಿನ ಬಸ್ಸಿಗೇ ಅವಳು ಬಂಟ್ವಾಳಕ್ಕೆ ಹೋದಳೆಂದೂ, ಅಲ್ಲಿ ಕಮಲಾಕ್ಷ ಕಾದಿದ್ದನೆಂದೂ, ಬಸ್ಸು ಬದಲಿಸುವಾಗ ಟ್ರಂಕಿನ ಹಿಡಿ ಕಿತ್ತುಬರಲು, ಕುಂಞಿಯವರು ಬಹಳ ಸಂತೋಷದಿಂದ ತಮ್ಮಿಬ್ಬರನ್ನೂ ಬಿಚ್ಚಿ ಒಬ್ಬರಿಗೊಬ್ಬರನ್ನು ಜೋಡಿಸಿ ಹಿಡಿ ಮಾಡಿಕೊಟ್ಟರೆಂದೂ ಕಂಡಕ್ಟರ್ ಸಂಜೆ ಬಂದು ಹೇಳಿದ. ಮೂಡಬಿದ್ರೆಯ ಮನೆಯಂಗಳದವರೆಗೂ ತಾವು ತುಂಡಾಗಲಿಲ್ಲವಂತೆ. ಗುರುವಪ್ಪನವರು ಸೊಸೆಯನ್ನು ಬಾ ಎನ್ನುವ ಮೊದಲು ಟ್ರಂಕಿನ ಮೇಲೆ ಬಗ್ಗಿ, ಯಾವುದು ಪಾಲಿಶ್ ಎಂದು ಹುಡುಕಿದರಂತೆ. ಏನೇ ಇರಲಿ, ಅವರು ಕರೆಯಲು ಬಂದಿಲ್ಲ, ನಾನು ಬಿಡಲು ಹೋಗಿಲ್ಲ. ನಮ್ಮಿಬ್ಬರ ಮಾತೂ ಉಳಿದಿದೆ. ತೀರ್ಮಾನದ ಪ್ರಕಾರ ಜಲಜಾಕ್ಷಿ ಇನ್ನೂ ನನ್ನ ಮನೆಯಲ್ಲೇ ಇದ್ದಾಳೆ. ಮರುದಿನ ಮಧ್ಯಾಹ್ನ ಅವಳಿಗೆ ಎಲೆ ಹಾಕಿಸಿ, ಅನ್ನ ಆರುವ ತನಕ ಕಾದೆ.